ಕತ್ತಲೆಗೂ ಜಾಗ ಬಿಡುವ ಎಚ್‌ಡಿಆರ್

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದೊಳಗೆ ಹಗಲಲ್ಲೂ ಮಬ್ಬು. ಕಲ್ಲಿನ ಜಾಲಂಧ್ರಗಳ ಆಚೆಗೆ ಕಣ್ಣು ಕೋರೈಸುವ ಬಿಸಿಲು. ಕಂಬಕ್ಕೆ ಎಕ್ಸ್‌ಪೋಶರ್ ಹೊಂದಿಸಿದರೆ ಜಾಲಂಧ್ರ ಬರೀ ಬಿಳಿ ಹಾಳೆ. ಜಾಲಂಧ್ರಕ್ಕೆ ಹೊಂದಿಸಿದರೆ ಕಂಬದ ನುಣುಪಾದ ತಿರುವುಗಳೆಲ್ಲ ಮಸಿಯೊಳಗೆ. ಬೇರೆ ಬೇರೆ ಎಕ್ಸ್‌ಪೋಶರ್‌ನ ಚಿತ್ರಗಳನ್ನು ಬೆಸೆಯುವ ಎಚ್‌ಡಿಆರ್ ಇರುವುದೇ ಇಂಥ ಇಕ್ಕಟ್ಟಿಗೆ. ಚೆನ್ನಾಗಿಯೇ ತೆಗೆದ ಚಿತ್ರಗಳು ಆಮೇಲೆ ಎಡಿಟಿಂಗ್‌ನಲ್ಲಿ ಕೆಡುವುದಕ್ಕೆ ಈ ಕೆಲವು ನಂಬಿಕೆಗಳು ಕಾರಣ.

ತಪ್ಪು ಕಲ್ಪನೆ 1: ಎಚ್‌ಡಿಆರ್ ಎಂದರೆ ಬಣ್ಣ ಗಾಢವಾಗಿಸುವ ಎಫೆಕ್ಟ್.

ವಾಸ್ತವ: ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ತಮ್ಮ ಕೆಲವು ಕಡಲ ಚಿತ್ರಗಳಿಗೆ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಬಳಸಿ ಒಂದೇ ಹಾಳೆಗೆ ಮುದ್ರಿಸಿದ್ದರು. ಗಾಢವಾಗಿಸೋಣವೆಂದರೂ ಅವುಗಳಲ್ಲಿ ಬಣ್ಣ ಇರಲಿಲ್ಲ! ಬೆಸೆದ ಫೈಲಿನಲ್ಲಿರುವ ಬೆಳಕಿನ ಹರವು ಸಾಮಾನ್ಯ ಪರದೆಗೆ ಹಿಡಿಸುವುದಿಲ್ಲ. ಅದನ್ನು ಪರದೆಯ ಮಿತಿಗೆ ಇಳಿಸುವ ಹಂತ ಟೋನ್ ಮ್ಯಾಪಿಂಗ್. ಗೋಪುರದ ಸುತ್ತ ಪ್ರಭಾವಳಿಯಂತೆ ಕಾಣುವ ಹೇಲೊ, ಬೂದಿ ಬಣ್ಣದ ಮೋಡ, ಎಲ್ಲವೂ ಅಲ್ಲಿ ಕೈ ಮೀರಿದ್ದರ ಫಲ.

ತಪ್ಪು ಕಲ್ಪನೆ 2: ಫ್ರೇಮ್ ಹೆಚ್ಚಿದಷ್ಟೂ ಒಳ್ಳೆಯದು.

ವಾಸ್ತವ: ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು. ಇಂದಿನ ಒಳ್ಳೆಯ ಫುಲ್‌ಫ್ರೇಮ್ ಸೆನ್ಸರ್ ಕಡಿಮೆ ಐಎಸ್‌ಒದಲ್ಲಿ ಸುಮಾರು 14 ಸ್ಟಾಪ್ ಹಿಡಿಯುತ್ತದೆ. ಹಿಸ್ಟೋಗ್ರಾಂ ಎರಡೂ ತುದಿಗೆ ತಾಗದಿದ್ದರೆ ಒಂದೇ ರಾ ಫೈಲ್ ಸಾಕು. ತಾಗಿದರೆ −2, 0, +2ರ ಮೂರು ಫ್ರೇಮ್. ಜಾಲಂಧ್ರದಾಚೆಯ ಬಿಸಿಲೂ ಬೇಕೆಂದರೆ ಐದು. ಬದಲಿಸಬೇಕಾದ್ದು ಶಟರ್ ವೇಗ ಮಾತ್ರ. ಅಪರ್ಚರ್ ಬದಲಿಸಿದರೆ ಫೋಕಸ್‌ನ ಆಳವೂ ಬದಲಾಗಿ ಫ್ರೇಮುಗಳು ಒಂದಕ್ಕೊಂದು ಕೂರುವುದಿಲ್ಲ.

ತಪ್ಪು ಕಲ್ಪನೆ 3: ಒಂದೇ ರಾ ಫೈಲಿನಿಂದ ಮೂರು ಪ್ರತಿ ಮಾಡಿ ಬೆಸೆದರೂ ಅದೇ ಫಲ.

ವಾಸ್ತವ: ಬೈಟು ಕಾಫಿಯನ್ನು ಮತ್ತೆ ಒಂದೇ ಲೋಟಕ್ಕೆ ಸುರಿದರೆ ಕಾಫಿ ಹೆಚ್ಚಾಗುತ್ತದೆಯೇ? ಸೆನ್ಸರ್ ಹಿಡಿಯದ ಬೆಳಕು ಪ್ರತಿ ಮಾಡಿದ ಮಾತ್ರಕ್ಕೆ ಬರುವುದಿಲ್ಲ. ನೆರಳನ್ನು ಎಳೆದಾಗ ಜೊತೆಗೆ ನಾಯ್ಸೂ ಎದ್ದು ಬರುತ್ತದೆ.

ತಪ್ಪು ಕಲ್ಪನೆ 4: ಪ್ರತಿ ಫ್ರೇಮನ್ನೂ ಚೆಂದ ಮಾಡಿ, ಆಮೇಲೆ ಬೆಸೆಯಬೇಕು.

ವಾಸ್ತವ: ಮೊದಲು ಬೆಸುಗೆ, ಆಮೇಲೆ ಸಿಂಗಾರ. ಅಲುಗಾಡಿದ ಫ್ರೇಮನ್ನು ಕೈಬಿಟ್ಟು, ಉಳಿದವಕ್ಕೆಲ್ಲ ಒಂದೇ ವೈಟ್ ಬ್ಯಾಲೆನ್ಸ್ ಕೊಟ್ಟು ಬೆಸೆಯಿರಿ. ಲೈಟ್‌ರೂಮ್‌ನಲ್ಲಿ 2015ರಿಂದ ಈ ಸೌಲಭ್ಯವಿದೆ. ಬೆಸೆದಾಗ ಸಿಗುವುದು ಡಿಎನ್‌ಜಿ ಫೈಲ್. ಸಾಮಾನ್ಯ ರಾ ಫೈಲಿಗೆ ±5 ಇರುವ ಎಕ್ಸ್‌ಪೋಶರ್ ಸ್ಲೈಡರ್ ಇದಕ್ಕೆ ±10ರವರೆಗೆ ಹೋಗುತ್ತದೆ. ಬೆಳಕು, ಬಣ್ಣ, ಕೊನೆಗೆ ಶಾರ್ಪ್‌ನಿಂಗ್, ಈ ಕ್ರಮ ಸಲೀಸು. ನಡುವೆ ಭಕ್ತರು ಹಾದುಹೋಗಿದ್ದರೆ ಒಬ್ಬರೇ ಮೂರು ಕಡೆ ನೆರಳಾಗಿ ಮೂಡುತ್ತಾರೆ. ಅದಕ್ಕೆ ಡಿಘೋಸ್ಟ್ ಇದೆ. ಆದರೆ ಅದು ಆ ಜಾಗವನ್ನು ಒಂದೇ ಫ್ರೇಮಿನಿಂದ ತುಂಬುವುದರಿಂದ ಅಲ್ಲಿ ನಾಯ್ಸ್ ಉಳಿಯಬಹುದು. ಬೇಕಾದಷ್ಟೇ ಬಳಸಿ.

ತಪ್ಪು ಕಲ್ಪನೆ 5: ಫೋನಿನ, ಟಿವಿಯ, ಕ್ಯಾಮೆರಾದ ಎಚ್‌ಡಿಆರ್ ಎಲ್ಲ ಒಂದೇ.

ವಾಸ್ತವ: ಹೆಸರು ಒಂದೇ, ಕೆಲಸ ಬೇರೆ. ಟಿವಿಯ ಎಚ್‌ಡಿಆರ್ ಹೆಚ್ಚು ಪ್ರಖರತೆಯನ್ನು ತೋರಿಸುವ ಬಗೆ. 2016ರಲ್ಲಿ ಗೂಗಲ್ ಸಂಶೋಧಕರು ವಿವರಿಸಿದ ಫೋನಿನ ವಿಧಾನದಲ್ಲಿ ಬ್ರ್ಯಾಕೆಟಿಂಗ್, ಅಂದರೆ ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ಫ್ರೇಮ್ ತೆಗೆಯುವುದು, ಇಲ್ಲ. ಬೆಳಕು ಕಡಿಮೆ ಬಿದ್ದ, ಒಂದೇ ಎಕ್ಸ್‌ಪೋಶರ್‌ನ ಹಲವು ಫ್ರೇಮುಗಳನ್ನು ಅದು ಒಟ್ಟುಗೂಡಿಸುತ್ತದೆ.

ತಪ್ಪು ಕಲ್ಪನೆ 6: ಶ್ಯಾಡೋಸ್ ಪೂರ್ತಿ ಮೇಲೆ, ಹೈಲೈಟ್ಸ್ ಪೂರ್ತಿ ಕೆಳಗೆ, ಎಲ್ಲವೂ ಕಂಡರೆ ಗೆದ್ದಂತೆ.

ವಾಸ್ತವ: ನನ್ನ ಮೊದಲ ನವರಂಗದ ಚಿತ್ರ ಹೀಗೇ ಕೆಟ್ಟಿತು. ಮೂಲೆಮೂಲೆಯೂ ಕಾಣುತ್ತಿತ್ತು, ಆದರೆ ಟ್ಯೂಬ್‌ಲೈಟ್ ಹಾಕಿದ ಕಲ್ಯಾಣಮಂಟಪದ ಹಾಗೆ! ಬೆಳಕು ಎತ್ತಣಿಂದ ಬರುತ್ತಿದೆ ಎನ್ನುವುದೇ ಅಳಿಸಿಹೋಗಿತ್ತು. ಈಗ ಶ್ಯಾಡೋಸನ್ನು ಅರ್ಧಕ್ಕೇ ನಿಲ್ಲಿಸಿ, ಬ್ಲ್ಯಾಕ್ಸ್ ತುಸು ಇಳಿಸುತ್ತೇನೆ. ಜಾಲಂಧ್ರದಲ್ಲಿ ಕಲ್ಲಿನ ಅಂಚು ಕಾಣುವಷ್ಟು ಹೈಲೈಟ್ಸ್ ತಗ್ಗಿಸಿ, ತೂತಿನ ನಟ್ಟನಡುವನ್ನು ಬೆಳ್ಳಗೇ ಬಿಡುತ್ತೇನೆ. ಕಂಬದ ಬಿಸಿಲಿನ ಮಗ್ಗುಲನ್ನಷ್ಟೇ ಬ್ರಷ್‌ನಿಂದ ಎತ್ತುತ್ತೇನೆ. ಚಾವಣಿಯ ಮೂಲೆ ಕಪ್ಪಾಗಿಯೇ ಉಳಿಯುತ್ತದೆ. ಅದು ಹಾಗಿರುವುದರಿಂದಲೇ ಕಂಬದ ಮೇಲೆ ಬಿದ್ದದ್ದು ಬಿಸಿಲು ಎಂದು ಗೊತ್ತಾಗುವುದು.