ಆಪ್ ಹಿಂದಕ್ಕೆ ಸರಿದರೂ ವಿಡಿಯೊ ಓಡ್ತದೇನು?

ನಮ್ಮ ಹುನಗುಂದ ಕಡೆ ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದಾಗ ವಿಡಿಯೊ ಅರ್ಧಕ್ಕೆ ನಿಂತರೆ, ತಜ್ಞರಿಗೆ ರೋಗ ಗೊತ್ತಾಗೋದು ಕಷ್ಟ. ಔಷಧ ತಪ್ಪಿದರೆ ದುಡ್ಡು ನೀರುಪಾಲು.

ರೆಕಾರ್ಡ್ ಮಾಡ್ತಾ ವಾಟ್ಸಾಪ್ ತೆರೆದರೆ ವಿಡಿಯೊ ನಿಲ್ಲುತ್ತದೆ. ಫೋನ್ ಕೆಟ್ಟಿಲ್ಲ. 2018ರ ಆಂಡ್ರಾಯ್ಡ್ 9ರಿಂದ, ಹಿನ್ನೆಲೆಗೆ ಸರಿದು ಸುಮ್ಮನಿರುವ ಆಪ್‌ಗೆ ಕ್ಯಾಮೆರಾ, ಮೈಕ್ ಸಿಗುವುದಿಲ್ಲ. ಹಿನ್ನೆಲೆಯಲ್ಲೂ ರೆಕಾರ್ಡ್ ಮಾಡುವ ಆಪ್‌ಗಳು ಸಾಮಾನ್ಯವಾಗಿ ನೋಟಿಫಿಕೇಶನ್ ತೋರಿಸುತ್ತವೆ.

ನಾನು ಹೀಗೆ ಮಾಡ್ತೀನಿ: ಏರೋಪ್ಲೇನ್ ಮೋಡ್ ಹಾಕಿ ಎಲೆಚುಕ್ಕೆ, ಕಾಂಡ, ಸೀಳಿದ ಕಾಯಿ ಬೇರೆಬೇರೆಯಾಗಿ 20 ಸೆಕೆಂಡ್ ಹಿಡಿಯೋದು. ಆಮೇಲೆ ಬಾಗಲಕೋಟೆ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರಿಗೆ ತೋರಿಸೋದು.

ಇನ್ನೊಂದು ಮಾತು. ಆಂಡ್ರಾಯ್ಡ್ 12ರಿಂದ ಕ್ಯಾಮೆರಾ, ಮೈಕ್ ಚಾಲೂ ಇದ್ದರೆ ಪರದೆಯ ಮೇಲ್ಮೂಲೆಯಲ್ಲಿ ಹಸಿರು ಗುರುತು ಬರುತ್ತದೆ. ನೀವು ರೆಕಾರ್ಡ್ ಮಾಡದಿದ್ದರೂ ಅದು ಕಂಡರೆ ಯಾವ ಆಪ್ ಅಂತ ನೋಡ್ರಿ. ಬರೀ ಮಾರುಕಟ್ಟೆ ದರ ತೋರಿಸುವ ಆಪ್‌ಗೆ ಕ್ಯಾಮೆರಾ ಯಾಕ್ರಿ? ಸೆಟ್ಟಿಂಗ್ಸ್‌ನಲ್ಲಿ ಅನುಮತಿ ತೆಗೆದುಬಿಡಿ.