ಮಗುವಿನ ಬುತ್ತಿ

“ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ, ಹೇಳಿಕೊಟ್ಟ ಮಾತು ಎಷ್ಟು ದಿನ” ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಗಾದೆ. ಅದರ ಉತ್ತರಾರ್ಧವನ್ನು ವಿವರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಈ ದಿನ ಪೂರ್ವಾರ್ಧವನ್ನು ಮಾತ್ರ ತೆಗೆದುಕೊಂಡು, ನಾಲ್ಕು ವರ್ಷದಿಂದ ಎಂಟೊಂಬತ್ತು ವರ್ಷದವರೆಗಿನ ಮಕ್ಕಳಿಗೆ ಬೆಳಗ್ಗೆ ಶಾಲೆಗೆಂದು ಕಟ್ಟಿಕೊಡುವ ಬುತ್ತಿಯ ವಿಷಯವಾಗಿ ಕೆಲವು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಈ ಬುತ್ತಿ ಎಷ್ಟು ದಿನ ಬಂದೀತೆಂಬ ಚಿಂತೆ ನಮಗಿಲ್ಲ. ನಾಲ್ಕೈದು ಗಂಟೆ ಬಂದರೆ ಸಾಕು. ಆದರೆ ತೊಡಕೆಲ್ಲ ಇರುವುದು ಆ ನಾಲ್ಕೈದು ಗಂಟೆಗಳಲ್ಲಿಯೇ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ಕೆಲವರು ಕೇಳಬಹುದು. ಒಂದು ಲೆಕ್ಕವನ್ನು ಹಾಕಿ ನೋಡೋಣ. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನಗಳಾದರೂ ಶಾಲೆ ನಡೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಐದು ವರ್ಷಗಳಿಗೆ ಇದು ಒಂದು ಸಾವಿರ ಊಟವಾಯಿತು. ಮಗು ಬೆಳೆಯುವ ಕಾಲದ ಈ ಸಾವಿರ ಊಟಗಳು ತಂದೆತಾಯಿಗಳ ಕಣ್ಣಿಗೆ ಬೀಳದ ಕಡೆಯಲ್ಲಿ ನಡೆಯುತ್ತವೆ. ಮನೆಯಲ್ಲಾದರೆ ಮಗು ತಿನ್ನದಿದ್ದರೆ ಕಾರಣ ಕೇಳಬಹುದು, ಬೇರೊಂದನ್ನು ಬಡಿಸಬಹುದು. ಶಾಲೆಯಲ್ಲಿ ಅದಕ್ಕೆ ಇರುವುದು ಡಬ್ಬಿಯೊಂದೇ.

ಸರ್ಕಾರಿ ಶಾಲೆಗಳಲ್ಲಿಯೂ ಅನುದಾನಿತ ಶಾಲೆಗಳಲ್ಲಿಯೂ ಈ ತೊಡಕು ಅಷ್ಟಾಗಿ ಇಲ್ಲ. ಬೇಯಿಸಿದ ಊಟವನ್ನೇ ಮಕ್ಕಳಿಗೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹವು ಆರಂಭವಾಯಿತು. ಆ ಮಕ್ಕಳು ಅಲ್ಲಿಯೇ ಬಿಸಿಯೂಟವನ್ನು ಉಣ್ಣುತ್ತಾರೆ. ಈ ಬಿಸಿಯೂಟಕ್ಕೆ ಒಂದು ಅಳತೆಯನ್ನು ಗೊತ್ತುಮಾಡಿದ್ದಾರೆ: ಪ್ರಾಥಮಿಕ ತರಗತಿಯ ಮಗುವೊಂದಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇವುಗಳಿಂದ 450 ಕ್ಯಾಲೊರಿಗಳಷ್ಟು ಶಕ್ತಿಯೂ 12 ಗ್ರಾಂ ಸಸಾರಜನಕವೂ, ಎಂದರೆ ಪ್ರೋಟೀನೂ, ದೊರೆಯಬೇಕು. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 1360 ಕ್ಯಾಲೊರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2020ರಲ್ಲಿ ನಿಗದಿಮಾಡಿದ್ದಾರೆ. 450 ಎಂಬುದು ಅದರ ಮೂರನೆಯ ಒಂದು ಪಾಲು. ದೊಡ್ಡ ಶುಲ್ಕವನ್ನು ತೆತ್ತು ಖಾಸಗಿ ಶಾಲೆಗೆ ಹೋಗುವ ಮಗುವಿನ ಡಬ್ಬಿಯನ್ನು ಈ ಬಿಸಿಯೂಟದ ತಟ್ಟೆಯ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟೋ ವೇಳೆ ತಟ್ಟೆಯೇ ಗೆಲ್ಲುತ್ತದೆ. ಜಾಮು ಸವರಿದ ಎರಡು ಹೋಳು ಬ್ರೆಡ್ಡಿನಲ್ಲಿಯಾಗಲಿ, ಒಂದು ಪೊಟ್ಟಣ ಬಿಸ್ಕತ್ತಿನಲ್ಲಿಯಾಗಲಿ ಬೇಳೆಯೂ ಇಲ್ಲ, ತರಕಾರಿಯೂ ಇಲ್ಲ.

ಹಾಗಾದರೆ ತಾಯಂದಿರಿಗೆ ಇದು ತಿಳಿಯದೆ? ಬಹುಮಟ್ಟಿಗೆ ತಿಳಿದೇ ಇದೆ. ಅನ್ನಬೇಳೆ ತುಂಬಿಕೊಟ್ಟರೆ ಮಗು ಹಾಗೆಯೇ ಹಿಂದಕ್ಕೆ ತರುತ್ತದೆ, ಬಿಸ್ಕತ್ತನ್ನಾದರೂ ತಿನ್ನುತ್ತದಲ್ಲ ಎಂಬುದು ಅವರ ಉತ್ತರ. ಈ ಉತ್ತರವನ್ನು ನಾವು ತಳ್ಳಿಹಾಕಬಾರದು. ಡಬ್ಬಿಯನ್ನು ತುಂಬುವವರು ಅದನ್ನು ಬೆಳಗಿನ ಕಣ್ಣಿನಿಂದ ನೋಡುತ್ತಾರೆ; ತಿನ್ನುವ ಮಗು ಮಧ್ಯಾಹ್ನದ ಕಣ್ಣಿನಿಂದ ನೋಡುತ್ತದೆ. ಈ ಎರಡು ನೋಟಗಳ ನಡುವಣ ಅಂತರವೇ ಎಲ್ಲ ತೊಡಕಿಗೂ ಮೂಲವೆಂಬುದು ನನ್ನ ಅಭಿಪ್ರಾಯ.

ಮೊದಲು ರುಚಿಯ ವಿಚಾರ. ಏಳೂವರೆ ಗಂಟೆಗೆ ಬಾಣಲೆಯಿಂದ ಇಳಿದ ಉಪ್ಪಿಟ್ಟು ಮೃದುವಾಗಿ ಘಮಘಮಿಸುತ್ತಿರುತ್ತದೆ. ಹನ್ನೆರಡು ಗಂಟೆಗೆ ಮಗು ಮುಚ್ಚಳವನ್ನು ತೆಗೆದಾಗ ಅದು ಡಬ್ಬಿಯ ಆಕಾರವನ್ನೇ ತಳೆದು ಇಟ್ಟಿಗೆಯಾಗಿರುತ್ತದೆ. ಇದಕ್ಕೆ ಕಾರಣವುಂಟು. ಬೇಯುವಾಗ ಧಾನ್ಯದ ಪಿಷ್ಟವು ನೀರನ್ನು ಹೀರಿ ಉಬ್ಬುತ್ತದೆ. ಆರಿದಂತೆಲ್ಲ ಅದರ ಎಳೆಗಳು ಮತ್ತೆ ಒಂದಕ್ಕೊಂದು ಹತ್ತಿರ ಸರಿದು ಬಿಗಿದುಕೊಳ್ಳುತ್ತವೆ. ಪೂರಿ ತೊಗಲಿನಂತಾಗುವುದೂ, ತೆಳ್ಳಗಿನ ದೋಸೆ ನಾರಿನಂತಾಗುವುದೂ ಬಹುಮಟ್ಟಿಗೆ ಇದರಿಂದಲೇ. ನಮ್ಮ ಹಿರಿಯರು ದಾರಿಯ ಬುತ್ತಿಗೆ ಉಪ್ಪಿಟ್ಟನ್ನು ಕಟ್ಟದೆ ಪುಳಿಯೋಗರೆಯನ್ನೂ ಮೊಸರನ್ನವನ್ನೂ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಎಣ್ಣೆ ಹಿಡಿದ ಅಗುಳು ಬಿಡಿಬಿಡಿಯಾಗಿ ಉಳಿಯುತ್ತದೆ. ಉತ್ತರ ಕರ್ನಾಟಕದವರ ಖಡಕ್ ರೊಟ್ಟಿಯಲ್ಲಿ ಆರಿ ಕೆಡುವಷ್ಟು ನೀರೇ ಇರುವುದಿಲ್ಲ. ಶೇಂಗಾ ಚಟ್ನಿಪುಡಿಯೊಡನೆ ಅದು ದಿನಗಟ್ಟಲೆ ಬಾಳುತ್ತದೆ. ಚಪಾತಿಯ ಹಿಟ್ಟನ್ನು ಹಾಲು ಮತ್ತು ಎಣ್ಣೆ ಹಾಕಿ ಕಲಸಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಬಿಸಿ ಅನ್ನವನ್ನು ಚೆನ್ನಾಗಿ ಮಿದ್ದು, ಹಾಲು ಹೆಚ್ಚಾಗಿಯೂ ಮೊಸರು ಒಂದೇ ಚಮಚವಾಗಿಯೂ ಕಲಸಿಕೊಟ್ಟರೆ, ಊಟದ ಹೊತ್ತಿಗೆ ಅದು ಹುಳಿಯಾಗದೆ ಹದವಾದ ಮೊಸರನ್ನವಾಗಿರುತ್ತದೆ. ಇವೆಲ್ಲ ಮಧ್ಯಾಹ್ನವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಡಿಗೆ.

ಎರಡನೆಯದು ಆರೋಗ್ಯದ ವಿಚಾರ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಇರುವುದು ಸಾಮಾನ್ಯ. ಅನ್ನ ಕುದಿಯುವ ಶಾಖಕ್ಕೂ ಅವು ಸಾಯುವುದಿಲ್ಲ. ಅನ್ನವನ್ನು ಬೆಚ್ಚಗೆ ಬಹಳ ಹೊತ್ತು ಬಿಟ್ಟರೆ ಅವು ಮೊಳೆತು ವೃದ್ಧಿಯಾಗಿ, ವಾಂತಿಯನ್ನುಂಟುಮಾಡುವ ವಿಷವನ್ನು ಹುಟ್ಟಿಸಬಲ್ಲವು. ಈ ವಿಷವು ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಆದಕಾರಣ ರಾತ್ರಿಯೆಲ್ಲ ಹೊರಗೆ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಮಗುವಿನ ಡಬ್ಬಿಗೆ ತುಂಬುವುದು ಸರ್ವಥಾ ಕೂಡದು. ಹೊಗೆಯಾಡುವ ಪದಾರ್ಥವನ್ನು ಹಾಗೆಯೇ ತುಂಬಿ ಮುಚ್ಚುವುದೂ ಸರಿಯಲ್ಲ. ಆವಿಯು ಮುಚ್ಚಳದಲ್ಲಿ ನೀರಾಗಿ ಅನ್ನದ ಮೇಲೆ ಇಳಿಯುತ್ತದೆ. ಒಳಗೆ ಬಹಳ ಹೊತ್ತು ಉಗುರುಬೆಚ್ಚಗೆ ಇರುವುದರಿಂದ ಸೂಕ್ಷ್ಮಜೀವಿಗಳಿಗೆ ಅನುಕೂಲವಾಗುತ್ತದೆ. ತಟ್ಟೆಯಲ್ಲಿ ಹರಡಿ ಬೇಗನೆ ಆರಿಸಿ ತುಂಬಬೇಕು. ಇಲ್ಲವೆ, ಮೊದಲೇ ಕುದಿನೀರು ಹಾಕಿ ಕಾಯಿಸಿಕೊಂಡ ಥರ್ಮಾಸ್ ಡಬ್ಬಿಯಲ್ಲಿ ಸುಡುವಂತೆಯೇ ತುಂಬಬೇಕು. ನಿಂಬೆ, ಹುಣಿಸೆ, ಮೊಸರುಗಳ ಹುಳಿಯು ಸೂಕ್ಷ್ಮಜೀವಿಗಳ ವೃದ್ಧಿಯನ್ನು ತಡೆಯುತ್ತದೆ. ಹಿರಿಯರ ಬುತ್ತಿಯಲ್ಲಿ ಹುಳಿಗೆ ಅಗ್ರಸ್ಥಾನವಿದ್ದುದರ ಮರ್ಮವೂ ಇದೇ.

ಮೂರನೆಯದು ಕೈಯ ಅಳವು. ನಾಲ್ಕು ವರ್ಷದ ಮಗುವಿಗೆ ಬಿಗಿಯಾದ ಮುಚ್ಚಳವನ್ನು ತೆಗೆಯಲು ಬಾರದು. ಇಡೀ ಚಪಾತಿಯನ್ನು ಹರಿದು, ಪಲ್ಯವನ್ನು ಸುತ್ತಿ, ಚೆಲ್ಲದೆ ಬಾಯಿಗಿಡುವುದು ನಮಗೆ ಸುಲಭ. ಅದಕ್ಕೆ ದೊಡ್ಡ ವಿದ್ಯೆ. ಊಟದ ವಿರಾಮವೋ ಮೊಟಕು. ಅದರಲ್ಲಿಯೇ ಕೈತೊಳೆಯಬೇಕು, ಆಟವೂ ಆಗಬೇಕು. ಪಲ್ಯವನ್ನು ಒಳಗಿಟ್ಟು ಸುರುಳಿ ಸುತ್ತಿ ಎರಡು ತುಂಡುಮಾಡಿದ ಚಪಾತಿ, ಅಂಗೈಯಗಲದ ಪುಟ್ಟ ದೋಸೆ, ಒಂದೊಂದು ತುತ್ತಿನಷ್ಟು ಉಂಡೆಕಟ್ಟಿದ ಅನ್ನ, ಇವು ಬೇಗ ಮುಗಿಯುತ್ತವೆ. ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಇಡಿಯ ಕಡಲೆಕಾಯಿ ಬೀಜವನ್ನೂ ಇಡಿಯ ದ್ರಾಕ್ಷಿಯನ್ನೂ ಹಾಕಬಾರದು. ಅವು ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ಬೀಜವನ್ನು ಪುಡಿಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಹಾಕಬೇಕು.

ಇನ್ನು ಪೋಷಣೆಯ ವಿಚಾರಕ್ಕೆ ಬರೋಣ. ಅಕ್ಕಿಯ ಸಸಾರಜನಕದಲ್ಲಿ ಇರುವ ಒಂದು ಕೊರತೆಯನ್ನು ಬೇಳೆ ತುಂಬುತ್ತದೆ; ಬೇಳೆಯ ಕೊರತೆಯನ್ನು ಅಕ್ಕಿ ತುಂಬುತ್ತದೆ. ಇಡ್ಲಿ, ಪೊಂಗಲ್, ಬಿಸಿಬೇಳೆ ಅನ್ನಗಳಲ್ಲಿ ಈ ದಾಂಪತ್ಯವು ಆಗಲೇ ನಡೆದುಹೋಗಿದೆ. ರಾಗಿಯ 100 ಗ್ರಾಮಿನಲ್ಲಿ ಸುಣ್ಣದ ಅಂಶವು ಸುಮಾರು 360 ಮಿಲಿಗ್ರಾಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮಿನ ಆಸುಪಾಸು. ಮುದ್ದೆ ಡಬ್ಬಿಗೆ ಒಗ್ಗದಿದ್ದರೂ, ಉದ್ದು ಸೇರಿಸಿ ರುಬ್ಬಿದ ಹಿಟ್ಟಿಗೆ ರಾಗಿಹಿಟ್ಟನ್ನು ಬೆರೆಸಿ ಹೊಯ್ದ ದೋಸೆ ಚೆನ್ನಾಗಿ ಒಗ್ಗುತ್ತದೆ. ಕಬ್ಬಿಣದ ಅಂಶದ ಮಾತು ಇನ್ನೂ ಮುಖ್ಯವಾದುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ನೂರಕ್ಕೆ 67 ಮಂದಿ ರಕ್ತಹೀನರೆಂದು ಕಂಡುಬಂದಿತು. ಹೆಸರುಕಾಳು, ಹುರುಳಿ, ಸೊಪ್ಪು ಇವುಗಳಲ್ಲಿ ಕಬ್ಬಿಣವಿದೆ; ಆದರೆ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಜೊತೆಗೆ ‘ಸಿ’ ಜೀವಸತ್ವವಿದ್ದರೆ ಹೆಚ್ಚಾಗಿ ಹತ್ತುತ್ತದೆ. ಅನ್ನ ಆರಿದ ಮೇಲೆ ಹಿಂಡಿದ ಅರ್ಧ ನಿಂಬೆಹಣ್ಣೋ, ನಾಲ್ಕು ಹೋಳು ಸೀಬೆಹಣ್ಣೋ ಇದಕ್ಕೆ ಸಾಕು. ಮೊಟ್ಟೆಮಾಂಸಗಳ ಬಳಕೆಯಿರುವ ಮನೆಗಳಲ್ಲಿ ಬೇಯಿಸಿದ ಮೊಟ್ಟೆಗಿಂತ ಅಡಕವಾದ ಸಸಾರಜನಕವನ್ನು ಹುಡುಕಬೇಕಾಗಿಲ್ಲ. ಈ ಪದಾರ್ಥಗಳಲ್ಲಿ ಯಾವುದೂ ದುಬಾರಿಯಾದುದಲ್ಲ.

ಕೊಂಡುತಂದ ತಿಂಡಿಗಳ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಕೊಬ್ಬು, ಸಕ್ಕರೆ, ಉಪ್ಪುಗಳು ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೂ ಮಾರಕೂಡದೆಂದು 2020ರಲ್ಲಿ ಸರ್ಕಾರವು ನಿಯಮ ಮಾಡಿತು. ಅಂಗಡಿಯವನು 50 ಮೀಟರು ದೂರ ನಿಲ್ಲಬೇಕಾದ ತಿಂಡಿಯನ್ನು ನಾವು ಮಗುವಿನ ಚೀಲದಲ್ಲಿಯೇ ಒಳಕ್ಕೆ ಕಳುಹಿಸಿದರೆ ನಿಯಮ ಮಾಡಿ ಪ್ರಯೋಜನವೇನು?

ಆದರೂ ಡಬ್ಬಿಯೊಳಗಣ ಗುಣವೊಂದೇ ಸಾಲದು. ಮಗು ಉಣ್ಣುವುದು ಒಬ್ಬಂಟಿಯಾಗಿ ಅಲ್ಲ, ಮೂವತ್ತು ನಲವತ್ತು ಮಕ್ಕಳ ನಡುವೆ. ರಾಗಿದೋಸೆಯನ್ನು ಕಂಡು ಪಕ್ಕದವನು “ಕರಿ ದೋಸೆ” ಎಂದು ನಕ್ಕರೆ ಅದರ ಸುಣ್ಣದ ಅಂಶವು ಆ ಕ್ಷಣದಲ್ಲಿ ಮಗುವಿನ ನೆರವಿಗೆ ಬಾರದು. ಮುಚ್ಚಳ ಮುಚ್ಚಿ ಹಸಿದುಕೊಂಡೇ ಕುಳಿತುಬಿಡುತ್ತದೆ. ಸಾಯಂಕಾಲ ಬಂದು, ನಾಳೆಯಿಂದ ನೂಡಲ್ಸೇ ಬೇಕೆಂದು ಹಟ ಹಿಡಿಯುತ್ತದೆ. ಇದನ್ನು ಬರಿಯ ನಾಲಗೆಯ ಚಪಲವೆಂದು ತಿಳಿಯುವುದು ತಪ್ಪು. ಅಲ್ಲಿ ನೊಂದಿರುವುದು ಅಭಿಮಾನ. ಇದಕ್ಕೆ ಮದ್ದು ಎರಡು ಕಡೆಯಿಂದ ಆಗಬೇಕು. ಉಪಾಧ್ಯಾಯರು ಊಟದ ಹೊತ್ತಿನಲ್ಲಿ ಮಕ್ಕಳೊಡನೆ ಇದ್ದು ಇಂಥ ನಗೆಯನ್ನು ಅಲ್ಲಿಯೇ ತಡೆಯಬೇಕು. ಮನೆಯಲ್ಲಿ ನಾವೂ, ಒಬ್ಬೊಬ್ಬರ ಮನೆಯ ಊಟ ಒಂದೊಂದು ರೀತಿ, ಪಕ್ಕದವರ ಡಬ್ಬಿಯನ್ನು ಕಂಡು ಮೂಗು ಮುರಿಯುವುದು ಮರ್ಯಾದೆಯಲ್ಲ ಎಂದು ನಮ್ಮ ಮಗುವಿಗೆ ಕಲಿಸಬೇಕು. ನಮ್ಮ ಡಬ್ಬಿಯನ್ನು ಕಂಡು ನಗಬಾರದೆಂದು ಬಯಸುವ ನಾವು ಇತರರ ಡಬ್ಬಿಯ ವಿಷಯದಲ್ಲಿಯೂ ಹಾಗೆಯೇ ನಡೆಯಬೇಕಷ್ಟೆ.

ಕಡೆಯದಾಗಿ ಡಬ್ಬಿ ಹಿಂತಿರುಗಿ ಬರುವ ಹೊತ್ತು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದುದು. ಸಾಯಂಕಾಲ ಮುಚ್ಚಳ ತೆಗೆದು ನೋಡುತ್ತೇವೆ. ಅರ್ಧ ಹಾಗೆಯೇ ಉಳಿದಿರುತ್ತದೆ. ಬೆಳಗ್ಗೆ ಐದು ಗಂಟೆಗೆ ಎದ್ದು ಮಾಡಿದವರಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿನಿಂದ ಮಗು ಏನನ್ನು ಕಲಿಯುತ್ತದೆಂಬುದನ್ನು ಯೋಚಿಸಬೇಕು. ತಿನ್ನುವುದನ್ನು ಕಲಿಯುವುದಿಲ್ಲ, ಉಳಿದುದನ್ನು ದಾರಿಯಲ್ಲಿ ಚೆಲ್ಲಿ ಖಾಲಿ ಡಬ್ಬಿಯನ್ನು ತರುವುದನ್ನು ಕಲಿಯುತ್ತದೆ. ಅಂದಿನಿಂದ ಡಬ್ಬಿ ಪ್ರತಿದಿನವೂ ಖಾಲಿಯಾಗಿ ಬರುತ್ತದೆ, ನಾವು ಸಂತೋಷಪಡುತ್ತೇವೆ, ಮಗು ಬಡವಾಗುತ್ತ ಹೋಗುತ್ತದೆ. ಉಳಿದುಬಂದ ತುತ್ತು ಮಗುವಿನ ಅಪರಾಧವಲ್ಲ. ಬರೆಯಲು ಬಾರದ ಮಗು ಮನೆಗೆ ಕಳುಹಿಸಿದ ಸಮಾಚಾರ ಅದು. ಹೆಚ್ಚಾಯಿತೆ, ಗಟ್ಟಿಯಾಯಿತೆ, ಖಾರವಾಯಿತೆ, ಹೊತ್ತು ಸಾಲಲಿಲ್ಲವೆ, ಯಾರಾದರೂ ನಕ್ಕರೆ ಎಂದು ಮೆಲ್ಲಗೆ ಕೇಳಿದರೆ ಮಗು ಹೇಳಿಯೇ ಹೇಳುತ್ತದೆ. ಏನನ್ನು ಕೊಡಬೇಕೆಂಬುದನ್ನು ಹಿರಿಯರು ಗೊತ್ತುಮಾಡಲಿ, ಎಷ್ಟು ತಿನ್ನಬೇಕೆಂಬುದನ್ನು ಮಗು ಗೊತ್ತುಮಾಡಲಿ ಎಂಬುದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಅವರು ಹಾಕಿಕೊಟ್ಟ ಸೂತ್ರ. ಹೊಸ ರುಚಿಯೊಂದು ಹಿಡಿಸಲು ಮಗುವಿಗೆ ಹತ್ತು ಹದಿನೈದು ಸಲವಾದರೂ ಅದರ ಪರಿಚಯವಾಗಬೇಕಾಗುವುದುಂಟು. ಎರಡು ಸಲ ಬೇಡವೆಂದಿತೆಂದು ಕೈಬಿಡಬಾರದು. ಒಂದು ಚಮಚದಷ್ಟನ್ನು ಮಾತ್ರ ಇಟ್ಟು, ಉಳಿದುದನ್ನು ಅದಕ್ಕೆ ಇಷ್ಟವಾದುದರಿಂದಲೇ ತುಂಬಬಹುದು.

ಇಷ್ಟೆಲ್ಲವನ್ನೂ ನೆನಪಿನಲ್ಲಿಡುವುದು ಕಷ್ಟವೆನಿಸಿದರೆ ಒಂದೇ ಒಂದು ಪರೀಕ್ಷೆಯನ್ನು ಮಾಡಿನೋಡಿ. ಈ ಭಾನುವಾರ ಬೆಳಗ್ಗೆ ಏಳೂವರೆಗೆ ಮಗುವಿನ ಡಬ್ಬಿಯನ್ನು ಎಂದಿನಂತೆಯೇ ತುಂಬಿ ಮುಚ್ಚಿ, ಅದರ ಚೀಲದಲ್ಲಿಯೇ ಇಡಿ. ಹನ್ನೆರಡು ಗಂಟೆಗೆ ಮಗುವಿನ ಕೈಯಿಂದಲೇ ಮುಚ್ಚಳವನ್ನು ತೆಗೆಯಿಸಿ, ಅದರ ಜೊತೆಯಲ್ಲಿ ನೆಲದ ಮೇಲೆ ಕುಳಿತು, ಕಾಯಿಸದೆ, ಬೇರೇನನ್ನೂ ಬಡಿಸಿಕೊಳ್ಳದೆ, ತಂದೆತಾಯಿಗಳಿಬ್ಬರೂ ಅದನ್ನೇ ಊಟಮಾಡಿ. ತಂದೆಯರು ಈ ಊಟವನ್ನು ತಪ್ಪಿಸಿಕೊಳ್ಳಬಾರದೆಂದು ವಿಶೇಷವಾಗಿ ಪ್ರಾರ್ಥಿಸುತ್ತೇನೆ. ಮಾರನೆಯ ದಿನ ಬೆಳಗ್ಗೆ ಒಲೆಯ ಮುಂದೆ ನಿಲ್ಲುವವರು ಅವರೂ ಆಗಬಹುದಲ್ಲವೆ? ಆ ಅರ್ಧ ಗಂಟೆಯಲ್ಲಿ ಮಗುವಿನ ಮಧ್ಯಾಹ್ನವು ನಿಮಗೆ ತಿಳಿಯುತ್ತದೆ. ಸೋಮವಾರದ ಬುತ್ತಿಯನ್ನು ಹೇಗೆ ಕಟ್ಟಬೇಕೆಂಬುದನ್ನು ಅನಂತರ ಯಾರೂ ನಿಮಗೆ ಹೇಳಿಕೊಡಬೇಕಾಗುವುದಿಲ್ಲ.