ಆರ್‌ಸಿ ಕಾರಿನ ತೂಕ ಇಳಿಸಬೇಕೇ? ಹಾಗಿದ್ರೆ ಮೊದಲು ಚಕ್ರದ ಕಡೆ ನೋಡಿ

ಹೈದರಾಬಾದ್‌ನ ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ಲೇತ್, ಮಿಲ್ಲಿಂಗ್ ಕೆಲಸ ಮಾಡಿಕೊಡುವ ಸಣ್ಣ ಘಟಕಗಳಿಗೆ ಕೊರತೆಯಿಲ್ಲ. ಮಣ್ಣಿನಲ್ಲಿ ಓಡಿಸುವ ಆಫ್‌ರೋಡ್ ಆರ್‌ಸಿ ಕಾರಿನ ಹುಚ್ಚು ಹತ್ತಿಸಿಕೊಂಡವರಿಗೆ ಇಂಥ ಊರಲ್ಲಿ ಮೊದಲು ಬರುವ ಆಲೋಚನೆ ಒಂದೇ: ಪ್ಲಾಸ್ಟಿಕ್ ತೋಳು ಬಿಚ್ಚಿ ಅಲ್ಯೂಮಿನಿಯಂ ತೋಳು ಹಾಕಿಸೋಣ! ಹಣ ಖರ್ಚು ಮಾಡುವ ಮುನ್ನ ಒಂದು ಸಣ್ಣ ಲೆಕ್ಕ ನೋಡಿ.

ನೈಲಾನ್‌ನ ಸಾಂದ್ರತೆ ಸುಮಾರು 1.14, ಅಲ್ಯೂಮಿನಿಯಂನದು 2.7. ಅಂದರೆ 20 ಗ್ರಾಂ ತೂಗುವ ನೈಲಾನ್ ತೋಳನ್ನು ಅದೇ ಆಕಾರದಲ್ಲಿ ಅಲ್ಯೂಮಿನಿಯಂನಿಂದ ಮಾಡಿದರೆ 47 ಗ್ರಾಂ ಆಗುತ್ತದೆ. ಹೊಳಪು ಬಂತು, ತೂಕವೂ ಬಂತು. ಕಲ್ಲಿಗೆ ಬಡಿದಾಗ ನೈಲಾನ್ ಬಾಗಿ ವಾಪಸ್ ಬರುತ್ತದೆ. ಅಲ್ಯೂಮಿನಿಯಂ ಒಮ್ಮೆ ಬಾಗಿದರೆ ಹಾಗೇ ಉಳಿಯುತ್ತದೆ, ಇಲ್ಲವೇ ಪೆಟ್ಟನ್ನು ಷಾಸಿಗೆ ದಾಟಿಸುತ್ತದೆ.

ಇದು ಹೊಸ ಪಾಠವೇನಲ್ಲ. 1979ರ ತಮಿಯಾ ರಫ್ ರೈಡರ್‌ನ ಸಸ್ಪೆನ್ಶನ್‌ನಲ್ಲಿ ಎರಕದ ಲೋಹದ ಭಾಗಗಳಿದ್ದವು. 1984ರಲ್ಲಿ ಟೀಮ್ ಅಸೋಸಿಯೇಟೆಡ್ ತಂದ ಆರ್‌ಸಿ10 ಕಾರಿನಲ್ಲಿ ಷಾಸಿ ಅಲ್ಯೂಮಿನಿಯಂನದು, ತೋಳುಗಳು ಮಾತ್ರ ನೈಲಾನ್. ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಟೂ ವೀಲ್ ಡ್ರೈವ್ ವಿಭಾಗವನ್ನು ಅದು ಗೆದ್ದಿತು.

ಎಲ್ಲಿಂದ ಕಳೆಯಬೇಕು?

ಸ್ಪ್ರಿಂಗ್‌ನ ಕೆಳಗಿರುವ ಭಾರ, ಅಂದರೆ ಟೈರ್, ರಿಮ್, ಹಬ್, ಆಕ್ಸಲ್, ಉಬ್ಬು ತಗ್ಗಿನ ಜೊತೆ ಮೇಲೆ ಕೆಳಗೆ ಹಾರುತ್ತದೆ. ಇದು ಹೆಚ್ಚಿದ್ದಷ್ಟೂ ಸ್ಪ್ರಿಂಗ್‌ಗೆ ಚಕ್ರವನ್ನು ವಾಪಸ್ ನೆಲಕ್ಕೆ ಒತ್ತಲು ತಡವಾಗುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಹಿಡಿತವೆಲ್ಲಿ?

ತೋಳಿನ ವಿಷಯ ಸ್ವಲ್ಪ ಬೇರೆ. ಅದು ಷಾಸಿಯ ಪಿನ್ ಸುತ್ತ ತಿರುಗುವುದರಿಂದ ದೂರದ ವರ್ಗದ ಲೆಕ್ಕ ಬರುತ್ತದೆ. ಚಕ್ರದ ತುದಿಯಲ್ಲಿ 4 ಗ್ರಾಂ ಕಳೆದರೆ ಪೂರ್ತಿ 4 ಗ್ರಾಂ ಲಾಭ, ತೋಳಿನ ನಡುವೆ ಕಳೆದರೆ 1 ಗ್ರಾಂನಷ್ಟೇ. ಪಿನ್ ಹತ್ತಿರ ಡ್ರಿಲ್ ಹಿಡಿದು ತೂತು ಕೊರೆಯುವುದು ನನ್ನ ಪ್ರಕಾರ ಶುದ್ಧ ನಷ್ಟ: ತೂಕದ ಲಾಭ ಇಲ್ಲವೇ ಇಲ್ಲ ಎನ್ನಬಹುದು, ಬಿರುಕು ಮಾತ್ರ ತೂತಿನ ಅಂಚಿನಿಂದಲೇ ಶುರು. ಅದರ ಬದಲು ಹಬ್‌ನ ಉಕ್ಕಿನ ಸ್ಕ್ರೂಗಳನ್ನು ಟೈಟಾನಿಯಂಗೆ ಬದಲಿಸಿದರೆ ಅವುಗಳ ತೂಕ ಶೇ. 40ಕ್ಕೂ ಹೆಚ್ಚು ಇಳಿಯುತ್ತದೆ. ಟೈರ್ ಮತ್ತು ರಿಮ್ ಹಗುರಾದರೆ ಇಮ್ಮಡಿ ಲಾಭ, ಏಕೆಂದರೆ ಅವು ಹಾರುವುದಷ್ಟೇ ಅಲ್ಲ, ತಿರುಗುತ್ತವೆ ಕೂಡ.

ರೇಸ್‌ಗೆ ಇಳಿಯುವವರು ಕನಿಷ್ಠ ತೂಕದ ನಿಯಮವನ್ನೂ ನೋಡಿಕೊಳ್ಳಬೇಕು. ಚಕ್ರದ ಬಳಿ ಉಳಿಸಿದ ಗ್ರಾಂಗಳನ್ನು ಸೀಸದ ತುಂಡಾಗಿ ಷಾಸಿಯ ತಳಕ್ಕೆ ಅಂಟಿಸಿದರೂ ನಷ್ಟವಿಲ್ಲ. ಭಾರ ಅಷ್ಟೇ ಇದ್ದರೂ ಜಾಗ ಸರಿಯಾಗಿದೆ.

3ಡಿ ಪ್ರಿಂಟ್ ಮಾಡಿಸುವವರಿಗೆ ಒಂದು ಎಚ್ಚರಿಕೆ. ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಮೇ ತಿಂಗಳ ಹೈದರಾಬಾದ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ನೈಲಾನ್ ತೋಳಿಗೆ ತದ್ವಿರುದ್ಧ ಸಮಸ್ಯೆ: ತೇವಾಂಶ ಆರಿದರೆ ಪೆಡಸಾಗಿ ಮುರಿಯುತ್ತದೆ. ಹಾಗಾಗಿಯೇ ಹಳೇ ಹವ್ಯಾಸಿಗಳು ಹೊಸ ತೋಳುಗಳನ್ನು ಜೋಡಿಸುವ ಮೊದಲು ಪಾತ್ರೆಯಲ್ಲಿ ನೀರಿಟ್ಟು ಕುದಿಸುತ್ತಾರೆ.